ಬಾಗಿಲಿನ ಪಾಲಿನ ಜೋಳ

ಸ್ಪಿರಿಟ್ಟಿನ ವಾಸನೆ ಬಂದಾಗಲೆಲ್ಲ ಅದರ ಬೆನ್ನಿಗೇ ಹೊಸ ಜೋಳದ ವಾಸನೆಯೂ ಬಂದೀತೆಂದು ನನ್ನ ಮೂಗು ಕಾಯುತ್ತದೆ. ಮೊನ್ನೆ ಮೊಮ್ಮಗಳನ್ನು ತೋರಿಸಲು ಗದಗಿನಲ್ಲಿ ಒಂದು ಆಸ್ಪತ್ರೆಗೆ ಹೋಗಿದ್ದೆವು. ಮುಖ ನೋಡಿಕೊಳ್ಳುವ ಹಾಗಿದ್ದ ನೆಲ, ಗೋಡೆಗೆ ಹಾಲಿನ ಬಣ್ಣ. ಬೆಂಚಿನ ಮೇಲೆ ಕುಳಿತವಳು ಕಣ್ಣು ಮುಚ್ಚಿ ಮೂಗು ಅರಳಿಸಿದೆ.

"ಏನ ಹುಡುಕಾಕತ್ತೀಬೇ ಅಮ್ಮಾ?" ಎಂದಳು ಮೊಮ್ಮಗಳು.

"ಜ್ವಾಳದ ಚೀಲಾ," ಎಂದೆ.

ಪಕ್ಕದವರು ಸೆರಗು ಬಾಯಿಗೆ ಹಿಡಿದು ನಕ್ಕರು. ಮುದುಕಿಗೆ ಅರಳುಮರಳು ಅಂದುಕೊಂಡಿರಬೇಕು, ಅನ್ನಲಿ. ನಾನು ಆಗಲೇ ಅಲ್ಲಿಂದ ಎದ್ದು ತವರೂರು ಬೆಂತೂರಿನ ಕಡೆ ಹೊರಟುಬಿಟ್ಟಿದ್ದೆ, ಕನ್ನಡ ನಾಡು ಒಂದಾದ ಆ ವರ್ಷಕ್ಕೆ.

ಆ ವರ್ಷ ಪಂಚಮಿಗೆ ನನ್ನನ್ನು ಕರೆಯಲು ಗಂಡನೂರು ಅಡರಕಟ್ಟಿಗೆ ಅಪ್ಪನೇ ಚಕ್ಕಡಿ ಹೂಡಿಕೊಂಡು ಬಂದಿದ್ದ. ಅಣ್ಣತಮ್ಮಂದಿರಿದ್ದ ಸೊಸೆಯಂದಿರಿಗೆ ಅವರು ಬರುತ್ತಾರೆ. ನನಗೆ ಇದ್ದದ್ದು ಅಪ್ಪ ಒಬ್ಬ, ಮನೆಯಲ್ಲಿ ಅವನ ತಾಯಿ ಒಬ್ಬಳು. ನಮ್ಮ ಕಡೆ ಹೆತ್ತವಳನ್ನು ಅವ್ವ ಎನ್ನುತ್ತೇವೆ, ಅಜ್ಜಿಯನ್ನು ಅಮ್ಮ. ಅವ್ವ ನಾನು ಸಣ್ಣವಳಿದ್ದಾಗಲೇ ಹೋಗಿದ್ದಳು. ನನಗೆ ಮಾತು ಕಲಿಸಿದವಳು ಅಮ್ಮ. ಬಯ್ಗುಳವನ್ನೂ ಅವಳೇ ಕಲಿಸಿದಳು.

ಲಕ್ಷ್ಮೇಶ್ವರ ದಾಟಿ ಶಿರಹಟ್ಟಿಯ ದಾರಿ ಹಿಡಿಯುವಷ್ಟರಲ್ಲಿ ಜಿಟಿಜಿಟಿ ಮಳೆ. ದೂರದ ಕಪ್ಪತಗುಡ್ಡದ ಮೇಲೆ ಮೋಡ ಕಂಬಳಿಯ ಹಾಗೆ ಬಿದ್ದಿತ್ತು. ಹೆಸರಿನ ಹೊಲಗಳು ಹಸಿರು, ಎರೆಮಣ್ಣು ಗಾಲಿಗೆ ಮೆತ್ತಿಕೊಂಡು ಚಕ್ಕಡಿ ಬಸುರಿಯ ಹಾಗೆ ಹೆಜ್ಜೆ ಇಡುತ್ತಿತ್ತು. ಬಸುರಿ ಎಂದರೆ ನಾನೂ ಬಸುರಿಯೇ, ಇನ್ನೂ ಹೊಸದು, ಯಾರಿಗೂ ಹೇಳಿರಲಿಲ್ಲ. ಊರು ಮುಟ್ಟಿದ ಮರುದಿನವೇ ಜ್ವರ ಹಿಡಿಯಿತು. ಜ್ವರದವಳನ್ನು ಮಳೆಗಾಲದಲ್ಲಿ ಕಳಿಸುವುದು ಹೇಗೆ ಎಂದು ಗಂಡನ ಮನೆಗೆ ಖಬರ ಹೋಯಿತು. ಜ್ವರ ಇಳಿಯುವುದು, ಏರುವುದು. ಹೀಗಾಗಿ ಪಂಚಮಿ ಉಂಡಿ ತಿನ್ನಲು ಬಂದವಳು ಚೊಚ್ಚಲ ಹೆರಿಗೆಯವರೆಗೆ ತವರಲ್ಲೇ ಉಳಿದೆ.

ಅಂತೂರ ಬೆಂತೂರ ಎಂದು ಒಂದೇ ಉಸಿರಿನಲ್ಲಿ ಹೇಳುವ ಜೋಡಿ ಊರು ನಮ್ಮದು. ಹೆಸರಿಗೆ ಜೋಡಿ, ಜಗಳಕ್ಕೆ ಎರಡು. ಆ ಮಳೆಗಾಲ ಜ್ವರ ಮಾತ್ರ ಭೇದ ಮಾಡದೆ ಎರಡೂ ಊರನ್ನು ಹಿಡಿದಿತ್ತು. ಅದಕ್ಕೇ ಸರ್ಕಾರ ತಾತ್ಕಾಲಿಕವಾಗಿ ಒಬ್ಬ ನರ್ಸಬಾಯಿಯನ್ನು ಕಳಿಸಿತ್ತು. ಸುಮಿತ್ರಾಬಾಯಿ ಎಂದು ಹೆಸರು, ಊರಿಗೆಲ್ಲ ಬಾಯಾರು, ಗಂಡ ತೀರಿದವರು, ನೆಟ್ಟಗೆ ನಿಲುವು, ಬಿಳಿ ಸೀರೆ, ಬಗಲಲ್ಲಿ ಕರಿ ಕೊಡೆ. ಚಾವಡಿಯ ಒಂದು ಮೂಲೆಯಲ್ಲಿ ಪರದೆ ಕಟ್ಟಿಕೊಂಡು ಇದ್ದರು. ಹೆರಿಗೆ ಮಾಡಿಸುವುದನ್ನು ಕಲಿತವರು ಎಂಬ ಸುದ್ದಿ ಓಣಿಯ ಹೆಂಗಸರಿಗೆ ಮೊದಲ ದಿನವೇ ಗೊತ್ತಾಗಿತ್ತು.

ಬಾಯಾರು ನನಗೆ ಕಹಿ ಗುಳಿಗೆ ನುಂಗಿಸಿ, ಕುದಿಸಿ ಆರಿಸಿದ ನೀರನ್ನೇ ಕುಡಿಸಬೇಕು ಎಂದರು. ಅಮ್ಮ ಸೊಂಟಕ್ಕೆ ಕೈ ಕೊಟ್ಟಳು.

"ಜ್ವರಾ ಹುಡುಗಿಗೆ ಬಂದೈತೋ, ನೀರಿಗೆ ಬಂದೈತೋ?"

"ನೀರಿಗೇ ಬಂದೈತ್ರಿ ಅಮ್ಮಾರ," ಎಂದರು ಬಾಯಾರು, ನಗದೆ. "ಅಲ್ಲಿಂದ ಹುಡುಗಿಗೆ ದಾಟತೈತಿ. ನಿಮ್ಮ ಕೈ ತೋರಸ್ರಿ. ಸಾಬೂನ ಹಚ್ಚೀರಿಲ್ಲೋ?"

ಅಮ್ಮನಿಗೆ ಎದುರು ಮಾತಾಡಿ ಉಳಿದವರು ಊರಲ್ಲಿ ಬಹಳ ಜನರಿರಲಿಲ್ಲ. ಅಂದಿನಿಂದ ಅವಳು ಬಾಯಾರನ್ನು ಬಯ್ಯುತ್ತಲೇ ಅವರಿಗೆ ರೊಟ್ಟಿ ಕಟ್ಟತೊಡಗಿದಳು.

ನಾನು ಮಲಗುತ್ತಿದ್ದ ಕೋಣೆಯ ಕಿಟಕಿಯ ಹೊರಗೆ ಬೇವಿನ ಮರದ ಕಟ್ಟೆ. ಊರಿನ ಹಿರಿಯರು ಸೇರುವ ಜಾಗ. ಸಂಜೆ ಜ್ವರ ಏರುವ ಹೊತ್ತಿಗೇ ಅವರೂ ಸೇರುತ್ತಿದ್ದರು. ನನಗೆ ಅವರ ಮಾತು ನೀರಿನ ತಳದಿಂದ ಕೇಳಿದ ಹಾಗೆ ಕೇಳಿಸುತ್ತಿತ್ತು, ಒಮ್ಮೆ ಹತ್ತಿರ, ಒಮ್ಮೆ ದೂರ, ನಡುನಡುವೆ ಬೇವಿನ ಎಲೆಯಿಂದ ಹನಿ ಬೀಳುವ ಸದ್ದು.

ಶಾಲೆಯ ಹಣಮಂತ ಮಾಸ್ತರರ ದನಿ ಮಾತ್ರ ಸ್ಪಷ್ಟ. "ಎರಡೂರಿನ ಹಿರೇರು ಒಪ್ಪಿಗಿ ಬರದು ಕೊಟ್ರ ಬಾಯಾರು ಇಲ್ಲೇ ಕಾಯಂ ಆಗ್ತಾರ. ಹಳೇ ದವಾಖಾನಿ ಕಟ್ಟಡ ನಾವು ದುರಸ್ತಿ ಮಾಡಿ ಕೊಡಬೇಕು. ಮೊದಲ ಕೆಲವು ವರ್ಷ ಪಗಾರ ಸರ್ಕಾರದ್ದು. ಆಮ್ಯಾಲೆ ಅರ್ಧಾ ನಮ್ಮದು. ದೀಪದ ಎಣ್ಣಿ, ಔಷಧ, ಮಾಳಿಗಿ ಸೋರಿದ್ರ ಮಣ್ಣು, ಎಲ್ಲಾ ನಮ್ಮದು."

"ಎಷ್ಟ ವರ್ಷ?" ಅದು ಅಪ್ಪನ ದನಿ.

"ಎಷ್ಟ ವರ್ಷ ಅಂದ್ರ? ಕಾಯಂ, ಶಿವಪ್ಪಣ್ಣ."

"ಮೊದಲನೇ ವರ್ಷದ್ದು ನನಗ ಹೇಳಬ್ಯಾಡ್ರಿ ಮಾಸ್ತರ. ಮೊದಲನೇ ವರ್ಷ ಯಾರರ ಕೊಡ್ತಾರ, ಬಾಜಾ ಬಾರಿಸಿ ಕೊಡ್ತಾರ. ಹತ್ತನೇ ವರ್ಷದ್ದು ಹೇಳ್ರಿ. ಮಳಿ ಕೈ ಕೊಟ್ಟ ವರ್ಷದ್ದು ಹೇಳ್ರಿ. ನಾವೆಲ್ಲಾ ಮಣ್ಣಾದ ಮ್ಯಾಲೆ ಯಾರು ಕೊಡಾವ್ರು, ಅದನ್ನ ಹೇಳ್ರಿ."

"ಹುಟ್ಟಿಸಿದ ದೇವರು ಹುಲ್ಲು ಮೇಯಿಸ್ತಾನೇನ್ರಿ?"

"ದವಾಖಾನಿ ಹುಟ್ಟಸಾಕ ಹತ್ತಿದವರು ನಾವು, ದೇವರಲ್ಲ. ನಮಗ ಹುಲ್ಲ ಮೇಯಿಸಿ ರೂಢಿ ಐತಿ."

ಕಟ್ಟೆ ನಕ್ಕಿತು. ಅಂತೂರಿನವನೊಬ್ಬ ನಡುವೆ ಬಾಯಿ ಹಾಕಿದ. "ಅಲ್ರೀ, ಈಗ ಮಾತ ಕೊಡಾವ್ರು ಮುಂಬೈ ಸರ್ಕಾರದವರು. ದೀಪಾವಳಿ ಹೊತ್ತಿಗೆ ನಾವು ಮೈಸೂರಿಗೆ ಸೇರಾವ್ರು. ಬೀಗರು ಮಾತಾಡಿ ಹೋದ ಮ್ಯಾಲೆ ಬೀಗರ ಬದಲಾದ್ರ ಮದುವಿ ನಡೀತೈತೇನು?"

"ಹುಡುಗಿ ಅಕೀನ ಅಲ್ಲೇನಲೇ?" ಎಂದ ಕಮ್ಮಾರ ಮೋನಪ್ಪ. "ಬೀಗರನ್ನ ಯಾಕ ನೋಡ್ತೀ, ಹುಡುಗೀನ್ನ ನೋಡಿ ಒಪ್ಪು!"

ಮತ್ತೆ ನಗು. ಅಪ್ಪ ನಗಲಿಲ್ಲ. ಎರಡೂರಿನ ರೂಢಿ ಎಂದರೆ ಒಬ್ಬ ಹಿರಿಯ ಒಲ್ಲೆ ಎಂದರೂ ಊರಿನ ಒಪ್ಪಿಗೆ ಒಪ್ಪಿಗೆಯಲ್ಲ. ಆ ಒಬ್ಬ ನಮ್ಮಪ್ಪ. ಮಾಸ್ತರರು ಕಾಗದ ಮಡಚಿ ಕಿಸೆಗೆ ಹಾಕಿಕೊಂಡರು. ಮಳೆಗಾಲ ಪೂರ್ತಿ ಆ ಕಾಗದ ಹೀಗೆ ಬಿಚ್ಚುವುದು, ಮಡಚುವುದು ನಡೆಯಿತು.

ಹೊಟ್ಟೆ ಕಾಣುವಷ್ಟಾದ ಮೇಲೆ ಒಂದು ದಿನ ಅಪ್ಪನನ್ನು ಕೇಳಿದೆ. ಹಿತ್ತಲಲ್ಲಿ ಎತ್ತಿನ ಮೈ ತಿಕ್ಕುತ್ತಿದ್ದ. ಬಿಸಿಲು ಹೊಗೆಯ ಹಾಗೆ ತೆಳ್ಳಗಿತ್ತು.

"ಅಪ್ಪಾ, ಬಾಯಾರು ಇದ್ರ ನನಗ ಚಲೋ ಅಲ್ಲೇನು? ನೀ ಯಾಕ ಒಲ್ಲೆ ಅಂತೀ?"

ಅವನು ತಿಕ್ಕುವುದನ್ನು ಬಿಡಲಿಲ್ಲ. ಎತ್ತಿಗೆ ಹೇಳುವವನ ಹಾಗೆ ಹೇಳಿದ.

ಎರಡೂರಿನ ನಡುವೆ ಒಬ್ಬ ಸಾಹುಕಾರ ತನ್ನ ತಂದೆಯ ನೆನಪಿಗೆ ದವಾಖಾನೆ ಕಟ್ಟಿಸಿದ್ದನಂತೆ. ಬಾಜಾ ಬಜಂತ್ರಿ, ಪೇಡೆ, ಹಾರ. ಕೆಲವು ವರ್ಷ ಚೆನ್ನಾಗಿ ನಡೆಯಿತು. ಸಾಹುಕಾರ ತೀರಿಕೊಂಡ, ಮಕ್ಕಳು ಪಾಲಾದರು. ಯಾರಿಗೂ ಸುದ್ದಿ ಹೇಳದೆ ಒಂದು ದಿನ ಬೀಗ ಬಿತ್ತು. ಅವ್ವನಿಗೆ ಎರಡನೆಯ ಹೆರಿಗೆಯಲ್ಲಿ ಕೂಸು ಅಡ್ಡಾದಾಗ ಅಪ್ಪ ಚಕ್ಕಡಿಯನ್ನು ಸೀದಾ ಅಲ್ಲಿಗೇ ಹೊಡೆದಿದ್ದ. ಬೀಗ ಕಂಡು ಬಾಗಿಲು ಬಡಿದ, ಕೂಗಿದ, ಕೀಲಿ ಇದ್ದವರನ್ನು ಹುಡುಕಿಕೊಂಡು ಅಂತೂರಿಗೆ ಓಡಿದ. ತಿರುಗಿ ಬಂದು ಗದಗಿನ ದಾರಿ ಹಿಡಿದಾಗ ಹೊತ್ತು ಮೀರಿತ್ತು. ಅವ್ವ ದಾರಿಯಲ್ಲೇ ಹೋದಳು, ಕೂಸೂ ಉಳಿಯಲಿಲ್ಲ.

"ಬೀಗ ಬಿದ್ದ ಬಾಗಲಕ್ಕಿಂತ ಗ್ವಾಡಿ ಚಲೋ, ಗಂಗೀ," ಎಂದ ಅಪ್ಪ. "ಗ್ವಾಡಿ ಮುಂದ ಯಾರೂ ಚಕ್ಕಡಿ ನಿಲ್ಲಸೂದಿಲ್ಲ. ಆ ದವಾಖಾನಿ ಕಟ್ಟದ ಇದ್ದಿದ್ರ ನಾ ಮೊದಲ ಗದಗಕ್ಕ ಹೊಡೀತಿದ್ನಿ."

ಆ ಕಟ್ಟಡದಲ್ಲಿ ಈಗ ಯಾರೋ ಜೋಳದ ದಂಟಿನ ಕಣಿಕೆ ಒಟ್ಟಿದ್ದರು. ಅಪ್ಪ ಹೊಲಕ್ಕೆ ಹೋಗಲು ಅದನ್ನು ಬಳಸಿ ಸುತ್ತುದಾರಿ ಹಿಡಿಯುತ್ತಿದ್ದುದು ಯಾಕೆಂದು ನನಗೆ ಆವತ್ತು ತಿಳಿಯಿತು. ಹೊಟ್ಟೆಯಲ್ಲಿ ಕೂಸು ಮಿಸುಕಿತು. ಅವ್ವನ ಹೊಟ್ಟೆಯ ಕೂಸೂ ಹೀಗೇ ಮಿಸುಕಿತ್ತಲ್ಲ ಎಂದು ಅದರ ಮೇಲೆ ಕೈ ಇಟ್ಟುಕೊಂಡೆ.

ಮಳೆ ಹಿಂದಾಯಿತು. ಬಿಳಿಜೋಳ ಬಿತ್ತಿದರು. ನಾಡು ಒಂದಾಗುವ ದಿನವೂ ದೀಪಾವಳಿಯೂ ಬೆನ್ನಿಗೆ ಬೆನ್ನು ಹಚ್ಚಿ ಬಂದವು. ಅಪ್ಪ ಮೆರವಣಿಗೆ ನೋಡಲು ಗದಗಕ್ಕೆ ಹೋಗಿ, ಕೂಗಿ ಕೂಗಿ ದನಿ ಕಳೆದುಕೊಂಡು, ರುಮಾಲಿನ ತುಂಬ ಗುಲಾಲು ಹೊತ್ತು ಬಂದ. ಅವನ ಕಣ್ಣಿನಲ್ಲಿ ನೀರಿತ್ತು. ಮನೆ ಮನೆಯ ಮಾಳಿಗೆಯ ಮೇಲೆ ಹಣತೆ. ಬಾಯಾರು ನಮ್ಮ ಕಟ್ಟೆಯ ಮೇಲೆ ಕುಳಿತು ದೀಪ ನೋಡುತ್ತ ಅಂದರು:

"ನನ್ನ ತವರಮನಿ ಮುಂಡರಗಿ ದಾಟಿ ಹೊಳಿ ಆಚಿಗೆ. ನಿನ್ನಿ ತನಕ ಅದು ಬ್ಯಾರೆ ರಾಜ್ಯ. ಹೊಳಿ ಅಲ್ಲೇ ಐತಿ, ನೀರೂ ಅದ. ಅಣ್ಣ ಮಾತ್ರ ಇವತ್ತ ನಮ್ಮ ನಾಡಿನಾಂವ ಆದ."

ಅಪ್ಪ ಕೂಗಿ ಬಿದ್ದುಹೋದ ದನಿಯಲ್ಲಿ "ಒಂದ ಆತ್ರಿ ಬಾಯಾರ, ಒಂದ ಆತು," ಎಂದ. ಅವರಿಬ್ಬರೂ ಅಷ್ಟು ಮೆತ್ತಗೆ ಮಾತಾಡಿದ್ದು ಅದೇ ಮೊದಲು.

ಆಮೇಲಿನ ತಿಂಗಳುಗಳು ನನಗೆ ಮಂಜಿನೊಳಗೆ ನಡೆದ ಹಾಗೆ ನೆನಪು. ಮುಂಬೈಯ ಕಚೇರಿ ಕೈ ಬಿಟ್ಟಿತ್ತು, ಮೈಸೂರಿನ ಕಚೇರಿ ಇನ್ನೂ ಕೈ ಹಿಡಿದಿರಲಿಲ್ಲ. ಎರಡು ಸರ್ಕಾರಗಳ ನಡುವೆ ಬಾಯಾರು ಯಾರೋ ಮರೆತು ಇಟ್ಟುಹೋದ ಬುತ್ತಿಯ ಹಾಗೆ ನಮ್ಮೂರಲ್ಲೇ ಉಳಿದರು. ಜೋಳ ಮೊಣಕಾಲಿಗೆ ಬಂತು, ಎದೆಗೆ ಬಂತು, ಆಳು ಮುಳುಗುವಷ್ಟಾಯಿತು. ಹತ್ತಿ ಒಡೆದು ಹೊಲವೆಲ್ಲ ಬೆಳ್ಳಗೆ. ನನ್ನ ಹೊಟ್ಟೆಯೂ ಬೆಳೆಯಿತು. ಬಾಯಾರು ಬಂದು ತಣ್ಣನೆಯ ಕೈ ಇಟ್ಟು, ಕಿವಿ ಇಟ್ಟು ಆಲಿಸಿ, "ಚಲೋ ಐತಿ," ಎನ್ನುತ್ತಿದ್ದರು. ಆ ಎರಡು ಮಾತು ಕೇಳಿದರೆ ನನಗೆ ಅಂದು ನಿದ್ದೆ.

ಸುಗ್ಗಿಯ ಹೊತ್ತಿಗೆ ಹೊಸ ಸರ್ಕಾರಕ್ಕೆ ನಮ್ಮ ನೆನಪಾಯಿತು. ಹಳೆಯ ಮಾತು ನಡೆಸಿಕೊಡಲು ಅದೂ ಒಪ್ಪಿತ್ತು, ಆದರೆ ಊರಿನ ಒಪ್ಪಿಗೆ ಕೂಡಲೇ ಬರಬೇಕು, ಇಲ್ಲವಾದರೆ ಬಾಯಾರು ಶಿರಹಟ್ಟಿಗೆ ಹೋಗಬೇಕು. ಮಾಸ್ತರರು ಮತ್ತೆ ಕಾಗದ ಬಿಚ್ಚಿದರು. ಅಪ್ಪ ಮತ್ತೆ ಅದೇ ಕೇಳಿದ: ಹತ್ತನೇ ವರ್ಷದ್ದು? ಮಾಸ್ತರರು ಸಿಟ್ಟಿಗೆದ್ದು, "ಮಗಳ ದಿನ ತುಂಬ್ಯಾವ, ಕಣ್ಣ ತೆಗದ ನೋಡ್ರಿ!" ಎಂದುಬಿಟ್ಟರು. ಅಪ್ಪ ಎದ್ದು ಕಣಕ್ಕೆ ಹೋದ. ಬಾಯಾರು ಟ್ರಂಕು ಕಟ್ಟಿದರು.

ನಮ್ಮ ಕಣದ ರಾಶಿಯ ದಿನ ಬಂತು. ಒಕ್ಕಣೆ ಮುಗಿದಿತ್ತು, ಗಾಳಿ ಹಿಡಿದು ತೂರಿಯೂ ಆಗಿತ್ತು. ಬಸುರಿ ಕಣ ತುಳಿಯಬಾರದು ಎಂದು ನನ್ನನ್ನು ಬದಿಯಲ್ಲಿ ನಿಲ್ಲಿಸಿದ ಚಕ್ಕಡಿಯಲ್ಲಿ ಕೂರಿಸಿದ್ದರು. ಅಮ್ಮ ಜೊತೆಗಿದ್ದಳು. ಇಳಿಬಿಸಿಲಿಗೆ ಗಾಳಿಯಲ್ಲಿ ಹೊಟ್ಟು ಇನ್ನೂ ಚಿನ್ನದ ಧೂಳಿನ ಹಾಗೆ ತೇಲುತ್ತಿತ್ತು. ನಡುವೆ ಜೋಳದ ರಾಶಿ, ಅದಕ್ಕೆ ವಿಭೂತಿ, ನೆತ್ತಿಗೆ ಒಂದು ತೆನೆ.

ನಮ್ಮಲ್ಲಿ ಕಣದ ಮೇಲೆ ಮಾತಿಗೆ ಕಟ್ಟುಂಟು. 'ಇಲ್ಲ' ಎನ್ನಬಾರದು. ಅಳೆಯುವಾಗ ಮೊದಲ ಅಳತೆಗೆ ಒಂದು ಎನ್ನದೆ 'ಲಾಭ' ಎನ್ನಬೇಕು. ಕಾಳು ಮನೆಗೆ ಹೋಗುವ ಮೊದಲು ಆಯಗಾರರಿಗೆ, ಎಂದರೆ ವರ್ಷವೆಲ್ಲ ಊರಿನ ಕೆಲಸ ಮಾಡುವವರಿಗೆ, ಅವರ ಪಾಲು ಹೋಗಬೇಕು. ಅದಕ್ಕೆ ಆಯ ಎನ್ನುತ್ತಾರೆ. ಬೇಡಲು ಬಂದವರಿಗೂ ಕಾಳು ಸಿಗುತ್ತದೆ, ಅದು ಹೆಸರಿಲ್ಲದ ದಾನ. ಆಯಕ್ಕೆ ಮಾತ್ರ ಕೆಲಸದ ಹೆಸರು ಹಿಡಿದು ಕೂಗಿ ಸುರಿಯಬೇಕು. ರಾಶಿಯ ಎದುರು ಒಮ್ಮೆ ಯಾವ ಕೆಲಸದ ಹೆಸರು ಕೂಗಿದರೋ, ಅದರ ಪಾಲು ವರ್ಷ ವರ್ಷ ತಪ್ಪಬಾರದು.

ಅಪ್ಪ ದಿನಗಟ್ಟಲೆ ಕಣದಲ್ಲೇ ದುಡಿದು ಬಳಲಿದ್ದ. ಕಣ್ಣು ಅರೆಮುಚ್ಚಿ, ಮಂತ್ರ ಹೇಳುವವನ ಹಾಗೆ ಮೊರ ತುಂಬುವುದು, ಕೂಗುವುದು, ಸುರಿಯುವುದು.

"ಕಮ್ಮಾರಿಕಿ!" ಮೋನಪ್ಪನ ಚೀಲಕ್ಕೆ ಬಿತ್ತು. "ಬಡಿಗತನ!" ಬಡಿಗನ ಬುಟ್ಟಿಗೆ. ಆ ಹೊತ್ತಿಗೆ ಬಾಯಾರು ಹೊಲದ ಬದುವಿನ ಮೇಲೆ ನಡೆದು ಬಂದರು. ಮರುದಿನ ಮುಂಜಾನೆ ಶಿರಹಟ್ಟಿಗೆ ಹೊರಡುವವರು, ಕೊನೆಯದಾಗಿ ನನ್ನ ಹೊಟ್ಟೆ ನೋಡಿ ಹೇಳಿಹೋಗಲು ಬಂದಿದ್ದರು. ನಮ್ಮ ಕಟ್ಟು ಅವರಿಗೆ ಗೊತ್ತಿರಲಿಲ್ಲ. ಚಕ್ಕಡಿಗೆ ಬರುವ ದಾರಿಗೆ ಆಯಗಾರರ ಸಾಲು ಅಡ್ಡವಿತ್ತು. ಸಾಲು ಸರಿಯಲಿ ಎಂದು ಅವರು ಬಡಿಗನ ಹಿಂದೆ ಸುಮ್ಮನೆ ನಿಂತರು.

ಬಡಿಗ ಸರಿದ. ಅಪ್ಪ ಮೊರ ತುಂಬಿ ತಿರುಗಿದ. ಎದುರಿಗೆ ಬಿಳಿ ಸೀರೆ. ಅವನ ಬಾಯಿ ತಾನೇ ಕೂಗಿತು:

"ದವಾಖಾನಿ!"

ಎತ್ತು ಕೂಡ ಮೆಲುಕು ನಿಲ್ಲಿಸಿದ ಹಾಗೆ ನನಗನಿಸಿತು. ಅಪ್ಪ ಕಣ್ಣು ಪೂರ್ತಿ ತೆರೆದ. ಮೊರ ಕೈಯಲ್ಲೇ ಇತ್ತು, ಒಂದೆರಡು ಕಾಳು ಅಂಚಿನಿಂದ ಉದುರಿದವು.

"ಯಪ್ಪಾ ಶಿವಾ," ಎಂದಳು ಅಮ್ಮ ಮೆಲ್ಲಗೆ. "ಕೂಗಿಬಿಟ್ಟ."

ಸುರಿಯದೆ ಮೊರ ಇಳಿಸಬಹುದಿತ್ತು. ಕೂಗಿದ್ದು ತಪ್ಪಾಯಿತು ಎನ್ನಬಹುದಿತ್ತು. ಯಾರೂ ಅವನನ್ನು ಹಿಡಿಯುತ್ತಿರಲಿಲ್ಲ. ಅಪ್ಪ ಮೋನಪ್ಪನ ಕಡೆ ನೋಡಿದ.

"ಮೋನಪ್ಪಾ, ನಿಮ್ಮ ಅಜ್ಜಗ ಆಯ ಕೊಡತೇವಂತ ಯಾರು ಬರದ ಕೊಟ್ಟಿದ್ರೋ?"

"ಬರಿಯಾಕ ಯಾರಿಗೆ ಬರ್ತಿತ್ತಪಾ? ನಿಮ್ಮಜ್ಜ ಕೂಗಿದ, ನಮ್ಮಜ್ಜ ಚೀಲಾ ಒಡ್ಡಿದ."

"ಬರಗಾಲದಾಗ?"

"ನೀವು ಅರ್ಧಾ ರೊಟ್ಟಿ ತಿಂದ ವರ್ಷ ನಾವೂ ಅರ್ಧಾ ತಿಂದೇವಿ. ಒಲಿಗೆ ಬೆಂಕಿ ಮಾತ್ರ ಆರಿಸಿಲ್ಲಪಾ—" ಎಂದವನು, ಕಣದ ಮೇಲೆ ಬಾರದ 'ಇಲ್ಲ' ಬಾಯಿಗೆ ಬಂದದ್ದಕ್ಕೆ ನಾಲಿಗೆ ಕಚ್ಚಿಕೊಂಡ. "ಆರಿಸಾಕ ಬಿಟ್ಟೇವೇನು?" ಎಂದು ತಿದ್ದಿಕೊಂಡ. ಎಲ್ಲರೂ ನಕ್ಕರು. ನಕ್ಕದ್ದರಿಂದ ಕಣಕ್ಕೆ ಮತ್ತೆ ಉಸಿರು ಬಂತು.

ಅಪ್ಪ ರಾಶಿಯನ್ನು ನೋಡುತ್ತ ನಿಂತ. ಅವನ ತುಟಿ ಏನೋ ಹೇಳಿಕೊಳ್ಳುತ್ತಿತ್ತು. ಹತ್ತನೇ ವರ್ಷ, ಇಪ್ಪತ್ತನೇ ವರ್ಷ, ಅವನು ಸತ್ತ ಮೇಲಿನ ವರ್ಷ. ಎಲ್ಲಾ ವರ್ಷವೂ ಕಣ ಇರುತ್ತದಲ್ಲ. ಆಮೇಲೆ ಬಾಯಾರ ಕಡೆ ಒಂದು ಹೆಜ್ಜೆ ಇಟ್ಟ.

"ಒಡ್ಡ್ರಿ ಬಾಯಾರ."

ಬಾಯಾರು ಕೆಂಪಾದರು. "ನಾ ಪಗಾರದಾಕಿ, ಶಿವಪ್ಪಣ್ಣ. ಜ್ವಾಳಾ ಬೇಡಾಕ ಬಂದಾಕಿ ಅಲ್ಲ."

"ನಿಮಗಲ್ರಿ," ಎಂದ ಅಪ್ಪ. "ಬಾಗಲಕ್ಕ. ಅದು ತೆರದಿರಾಕ."

ಒಡ್ಡಲು ಬಾಯಾರ ಬಳಿ ಚೀಲವಿರಲಿಲ್ಲ. ಮೋನಪ್ಪ ಅವರ ಬಗಲಿನ ಕೊಡೆಯನ್ನು ಎಳೆದುಕೊಂಡು ಬಿಚ್ಚಿ, ತಲೆಕೆಳಗು ಮಾಡಿ ಅವರ ಕೈಗೇ ಹಿಡಿಸಿದ. ಕರಿ ಕೊಡೆಯೊಳಗೆ ಬಿಳಿಜೋಳ ಸರ್ರನೆ ಸುರಿಯಿತು. ಮಳೆ ತಿರುವುಮುರುವಾಗಿ ಬಿದ್ದ ಹಾಗಿತ್ತು. ಭಾರಕ್ಕೆ ಒಂದು ಕಡ್ಡಿ ಟಕ್ಕೆಂದು ಮುರಿಯಿತು. "ಕೊಡಿ ದುರಸ್ತಿ ನಂದು, ಆಯದಾಗ ಬಂತು!" ಎಂದ ಮೋನಪ್ಪ.

ಸುದ್ದಿ ಕತ್ತಲಾಗುವ ಮೊದಲೇ ಅಂತೂರು ಮುಟ್ಟಿತು. ಬೆಂತೂರಿನವರು ದವಾಖಾನೆಗೆ ಆಯ ಕೂಗಿದರಂತೆ ಎಂದರೆ ಅಂತೂರಿನವರು ಸುಮ್ಮನಿರುತ್ತಾರೆಯೇ? ಅವರ ಕಣಗಳಲ್ಲಿ ಮೊರ ತುಂಬಿ ತುಳುಕಿ ಬಿತ್ತು. ಅಪ್ಪ ಕಾಗದಕ್ಕೆ ಸಹಿ ಮಾಡಿದ್ದು ಮರುದಿನ, ಅದನ್ನು ಯಾರೂ ಅಷ್ಟಾಗಿ ಗಮನಿಸಲಿಲ್ಲ. ಬಾಯಾರ ಟ್ರಂಕು ಶಿರಹಟ್ಟಿಗೆ ಹೋಗಲಿಲ್ಲ, ಹಳೆಯ ಕಟ್ಟಡಕ್ಕೆ ಹೋಯಿತು. ಕಣಿಕೆ ಹೊರಗೆ ಹಾಕಿದವನು ಅಪ್ಪ. ನೆಲ ಸಾರಿಸಿದವಳು ಅಮ್ಮ. ಔಷಧದ ಕಪಾಟಿನ ಪಕ್ಕದಲ್ಲಿ ಜೋಳದ ಚೀಲಗಳು ಗೋಡೆಗೆ ಒರಗಿ ಕುಳಿತವು. ಕಾಳು ಪೇಟೆಗೆ ಹೋಗುವುದು, ಎಣ್ಣೆಯಾಗಿ, ಅರಿವೆಯಾಗಿ, ಗುಳಿಗೆಯಾಗಿ ಬರುವುದು. ಎಷ್ಟೋ ವರ್ಷಗಳ ಮೇಲೆ ಸರ್ಕಾರವೇ ಎಲ್ಲವನ್ನೂ ವಹಿಸಿಕೊಂಡಿತು. ಆಗಲೂ ಅಪ್ಪ ರಾಶಿಯ ಎದುರು ಆ ಹೆಸರು ಕೂಗುವುದನ್ನು ಬಿಡಲಿಲ್ಲ. ನಡುವೆ ಮಳೆ ಕೈ ಕೊಟ್ಟ ವರ್ಷಗಳೂ ಬಂದವು. ಆಗ ಮೊರದ ತಳ ಕಾಣುವಷ್ಟು ಬಿದ್ದಿತು, ಬಾಗಿಲು ಮುಚ್ಚಲಿಲ್ಲ.

ನನ್ನ ಬೇನೆ ಶುರುವಾದದ್ದು ಕೋಳಿ ಕೂಗುವ ಹೊತ್ತಿಗೆ. ಅಪ್ಪ ಚಕ್ಕಡಿ ಹೂಡಿದ. ಸುತ್ತುದಾರಿ ಬಿಟ್ಟು ಸೀದಾ ದಾರಿ ಹಿಡಿದ. ಅವನ ಬೆನ್ನು ಮಾತ್ರ ನನಗೆ ಕಾಣುತ್ತಿತ್ತು, ಗಾಳಿ ಇಲ್ಲದಿದ್ದರೂ ನಡುಗುತ್ತಿತ್ತು. ದೂರದಲ್ಲಿ ತೆರೆದ ಬಾಗಿಲು, ಅದರೊಳಗೆ ಕಂದೀಲು. ಅದು ಕಂಡ ಮೇಲೆ ಆ ಬೆನ್ನು ಸಡಿಲಾಯಿತು.

ಪರದೆಯ ಆಚೆ ಒಳಕೋಣೆಯಲ್ಲಿ ಬಾಯಾರ ತಣ್ಣನೆಯ ಕೈ, ಸ್ಪಿರಿಟ್ಟಿನ ವಾಸನೆ, ಹೊಸ ಜೋಳದ ವಾಸನೆ, ಅಮ್ಮನ ಬಯ್ಗುಳ. ಬೆಳಕು ಹರಿಯುತ್ತ ಗಾಳಿಯೂ ಎದ್ದಿತು, ಗದಗಿನ ಸೀಮೆಯ ಆ ಗಾಳಿ. ಕೂಸು ಅತ್ತಿತು, ಹೆಣ್ಣು. ಕಂದೀಲು ತೂಗಾಡಿತು, ಪರದೆ ಹಾರಿತು.

"ಬಾಣಂತಿ ಮೈಗೆ ಗಾಳಿ ಹತ್ತತೈತಿ!" ಎಂದು ಅಮ್ಮ ಒಳಗಿನಿಂದ ಕೂಗಿದಳು. "ಆ ಬಾಗಲಾ ಮುಚ್ಚೋ ಶಿವಪ್ಪಾ!"

ಹಾರಿದ ಪರದೆಯ ಸಂದಿನಿಂದ ನಾನು ನೋಡಿದೆ. ಅಪ್ಪ ಹೊಸ್ತಿಲ ಮೇಲೆ ದಾರಿಗೆ ಮುಖ ಮಾಡಿ ಕುಳಿತಿದ್ದ. ಹೆಗಲ ಮೇಲಿನ ಕಂಬಳಿಯನ್ನು ಎರಡೂ ಕೈಯಿಂದ ಬಾಗಿಲಿನ ಅಗಲಕ್ಕೆ ಹರವಿ ಹಿಡಿದ. ಕಂದೀಲು ನಿಂತಿತು, ಪರದೆ ಇಳಿಯಿತು.

"ನಿಂತತಿಲ್ಲೋ ಗಾಳಿ?" ಎಂದ, ತಿರುಗದೆ.